ಬುಟ್ಟಿಯಲ್ಲೇ ಉಳಿದ ಕಾಫಿ ಗಿಡಗಳು

ಆ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿದೆನೋ, ಕಾಲೇಜಿನಲ್ಲಿ ಯಾರೋ ಆಡಿದ ಮಾತನ್ನೇ ಓದಿದ್ದೆಂದು ನಂಬಿಕೊಂಡೆನೋ, ಇಂದಿಗೂ ಹೇಳಲಾರೆ. ಕಾಫಿ ಬೆಳೆಯುವ ದೇಶಗಳೆಲ್ಲ ಸೇರಿ ಒಪ್ಪಂದ ಮಾಡಿಕೊಳ್ಳುತ್ತವೆ, ಯಾವ ದೇಶ ಎಷ್ಟು ಮಾರಬೇಕೆಂದು ಮಿತಿ ಹಾಕುತ್ತವೆ ಎಂಬುದು ಸುದ್ದಿ. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ ಮಾದಾಪುರದ ಹತ್ತಿರದ ನಮ್ಮ ಸಣ್ಣ ತೋಟಕ್ಕೆ ಆಗಷ್ಟೇ ಮರಳಿದ್ದೆ.

ಅಪ್ಪ ಆ ವರ್ಷ ಮೇಲಿನ ಇಳಿಜಾರಿನಲ್ಲಿ ಹೊಸದಾಗಿ ಗುಂಡಿ ತೆಗೆಸಿದ್ದರು. ಬಿದಿರು ಬುಟ್ಟಿಗಳಲ್ಲಿ ಬೆಳೆಸಿದ ಗಿಡಗಳು ಚಪ್ಪರದಡಿ ಕಾಯುತ್ತಿದ್ದವು. ಮಳೆ ಹಿಡಿದ ಕೂಡಲೇ ನೆಡಬೇಕು. ತಡವಾದರೆ ತಾಯಿಬೇರು ಬುಟ್ಟಿಯ ತಳ ಮುಟ್ಟಿ ಸೊಟ್ಟಗಾಗುತ್ತದೆ, ಅಂಥ ಗಿಡ ಏಳುವುದಿಲ್ಲ.

"ಅಂದ್ರೆ ಹೊಸ ಗಿಡ ಕಿತ್ತಾಕಿ ಅಂತಾರೇನೋ?" ಎಂದರು ಅಪ್ಪ, ನಾನು ಸುದ್ದಿ ಹೇಳಿದಾಗ.

"ಅಂದ್ರೂ ಅನ್ಬೋದಪ್ಪ."

ಬೆಳೆದ ಕಾಫಿಯನ್ನು ತಾವೇ ಮಾರುವಂತಿಲ್ಲ, ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ಸರ್ಕಾರದ ಪೂಲಿಗೆ ಒಪ್ಪಿಸಬೇಕು ಎಂಬ ಕಟ್ಟಳೆಗೆ ಯುದ್ಧಕಾಲದಿಂದ ಒಗ್ಗಿಹೋಗಿದ್ದವರು ಅವರು. ಇದನ್ನೂ ನಂಬಿದರು.

ಆಳುಗಳನ್ನು ಕರೆತಂದಿದ್ದ ಮೇಸ್ತ್ರಿ ಮಾತ್ರ ನಕ್ಕ. "ಆ ದೇಶದೋರು ನಮ್ ಗುಂಡಿ ಎಣ್ಸಕ್ಕೆ ಬರ್ತಾರಾ ಸಾಮಿ? ಬಂದ್ರೆ ಜಾರಿ ಅದ್ರೊಳಗೇ ಬೀಳ್ತಾರೆ ಬಿಡಿ!"

ಅಪ್ಪ ನಗಲಿಲ್ಲ. ಸುದ್ದಿ ಖಚಿತವಾಗುವವರೆಗೆ ನೆಡುವುದು ಬೇಡವೆಂದರು. ದಿನವೂ ಸೋಮವಾರಪೇಟೆಯ ಬಸ್ಸಿನಲ್ಲಿ ಬರುವ ಪತ್ರಿಕೆಯನ್ನು ಅವರೇ ಹೋಗಿ ತಂದು ನನ್ನ ಕೈಗಿಡುತ್ತಿದ್ದರು.

"ಬಂತಾ?"

"ಇಲ್ಲಪ್ಪ."

"ಸರಿಯಾಗ್ ನೋಡು, ಒಳಗಡೆ ಪುಟ."

ಗುಂಡಿಗಳಲ್ಲಿ ನೀರು ನಿಂತಿತು. ಮೇಸ್ತ್ರಿ ಆಳುಗಳನ್ನು ಬೇರೆ ತೋಟಕ್ಕೆ ಕರೆದೊಯ್ದ. 'ಸುದ್ದಿ ನಿಜವೋ ಅಲ್ಲವೋ ನನಗೇ ಗೊತ್ತಿಲ್ಲ, ನೆಟ್ಟುಬಿಡೋಣ' ಎನ್ನುವ ಮಾತು ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತಿತ್ತು. ಓದಿ ಬಂದವನು ಎಂಬ ಹೆಮ್ಮೆ ಅದನ್ನು ನುಂಗಿಸುತ್ತಿತ್ತು. ಹಾಗೆ ನುಂಗಿದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಮಳೆ ಕಡಿಮೆಯಾದ ಮೇಲೆ ಅಪ್ಪ ಒಂದು ಬುಟ್ಟಿ ಎತ್ತಿದರು. ತಳ ಕಳಚಿ ಬಿತ್ತು, ಬೇರು ಕೊಕ್ಕೆಯಂತೆ ಬಾಗಿತ್ತು. "ಇನ್ ಪೇಪರ್ ತರೋದ್ ಬೇಡ ಬಿಡು" ಎಂದರು. ಸಿಟ್ಟಿನಿಂದಲೋ ಸಮಾಧಾನದಿಂದಲೋ, ಆ ದನಿ ನೆನಪಿನಲ್ಲಿ ಒಮ್ಮೊಮ್ಮೆ ಒಂದೊಂದು ಥರ ಕೇಳುತ್ತದೆ.

ಎಷ್ಟೋ ವರ್ಷಗಳ ನಂತರ ಗ್ರಂಥಾಲಯದಲ್ಲಿ ಕುಳಿತು ಹುಡುಕಿದೆ. ಭಾರತವೂ ಸೇರಿ ದೇಶದೇಶಕ್ಕೆ ಪಾಲು ಗೊತ್ತುಮಾಡಿದ ಕಾಫಿ ಒಪ್ಪಂದ ಆಗಿದ್ದು ನಿಜ. ಆದರೆ ಅದು ಆಗಿದ್ದು ನಾವು ನೆಡದೆ ಬಿಟ್ಟ ಆ ಮಳೆಗಾಲ ಕಳೆದು ವರ್ಷಗಳಾದ ಮೇಲೆ; ಆ ಹೊತ್ತಿಗೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳೇ ಕಳೆದಿದ್ದವು.