ಅಡುಗೆಮನೆಗೆ ಬಾರದ ಮೇಲ್

೨೦೧೩ರ ಡೈರಿಯ ಕೊನೆಯ ಪುಟಗಳಲ್ಲಿ ಎರಡು ಕಂಬಸಾಲುಗಳಿವೆ: ‘ಬಂತು’, ‘ಬರಲಿಲ್ಲ’. ನಿಪ್ಪಾಣಿಯ ಹೊರಗಿನ ಹಾಲು ತಂಪಾಗಿಸುವ ಕೇಂದ್ರದಲ್ಲಿ ಆಗ ನನ್ನ ಮೊದಲ ಕೆಲಸ. ಕಚೇರಿಯಲ್ಲಿ ಇದ್ದವರು ಇಬ್ಬರೇ. ಲೆಕ್ಕ ಬರೆಯುವ ನಾನು, ಮತ್ತು ಕೇಂದ್ರದ ಉಸ್ತುವಾರಿ ಹೊತ್ತ ಬೋರಗಾಂವದ ಹೆಣ್ಣುಮಗಳು. ಅವರನ್ನು ಅಕ್ಕಾರು ಎನ್ನುತ್ತಿದ್ದೆ.

ಮರುದಿನದ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆ ಎಂಬ ಮೇಲ್ ಮುಖ್ಯ ಕಚೇರಿಯಿಂದ ಕತ್ತಲಾದ ಮೇಲೆ ಬರುತ್ತಿತ್ತು. ಅದಕ್ಕೆ ಅಕ್ಕಾರೇ ಉತ್ತರ ಕೊಡಬೇಕು. ಹಾಗಾಗಿ ದಿನವೂ ಕಂಪ್ಯೂಟರ್ ಮುಂದೆ ಕಾಯುವುದು. ನನ್ನ ಚಿಕ್ಕೋಡಿ ಬಸ್ಸೂ ತಡವಾಗಿಯೇ ಇತ್ತು. ಅವರು ಮೇಜಿನ ಖಾನೆಯಿಂದ ಭಡಂಗದ ಡಬ್ಬಿ ತೆಗೆಯುತ್ತಿದ್ದರು. ಖಾರದ ಚುರುಮುರಿ, ಕರಿಬೇವು, ಹುರಿದ ಶೇಂಗಾ, ಮೇಲೆ ಚಹಾ. ಶೇಂಗಾ ಆರಿಸಿ ತಿಂದರೆ ಬೈಗುಳ ಖಚಿತ.

“ಎಲ್ಲಾ ಶೇಂಗಾ ನೀನ ತಿಂದಿ ಅಂದ್ರ ನಾ ಏನ ಕರಿಬೇವ ತಿನ್ಲ್ಯಾ?”

ಆ ವರ್ಷ ಅವರ ಮಗಳು ಹತ್ತನೆಯ ತರಗತಿ. ಗಣಿತದಲ್ಲಿ ಹಿಂದಿದ್ದಳು, ಹೇಳಿಕೊಡಬಲ್ಲವರು ಮನೆಯಲ್ಲಿ ಅಕ್ಕಾರೊಬ್ಬರೇ. ಅವರು ಮನೆ ಮುಟ್ಟುವಷ್ಟರಲ್ಲಿ ಹುಡುಗಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದಳಂತೆ. ಆದ್ದರಿಂದ ಮುಖ್ಯ ಕಚೇರಿ ಅವರಿಗೊಂದು ಸ್ಮಾರ್ಟ್‌ಫೋನ್ ಕೊಟ್ಟಾಗ ನಮ್ಮಿಬ್ಬರಿಗೂ ಒಂದೇ ಆಸೆ: ಮೇಲ್ ಫೋನಿಗೇ ಬಂದರೆ ಅವರು ಐದರ ಬಸ್ಸು ಹಿಡಿಯಬಹುದು.

ಅಲ್ಲಿಂದ ಹಾಳೆಯಲ್ಲಿ ಬರೆದುಕೊಟ್ಟಂತೆ ಸರ್ವರ್ ಹೆಸರು, ಪಾಸ್‌ವರ್ಡ್ ಎಲ್ಲ ನಾನೇ ಫೋನಿನಲ್ಲಿ ತುಂಬಿದೆ. ಮೇಲ್ ಟಿಣ್ ಎಂದು ಬಂತು. ಅಕ್ಕಾರು ಆ ದಿನ ಐದಕ್ಕೇ ಹೊರಟರು. ಮರುದಿನ ಬೆಳಿಗ್ಗೆ ಬಾಗಿಲಲ್ಲೇ ನಿಂತು ಹೇಳಿದರು, “ಮನ್ಯಾಗ ಬರಲೇ ಇಲ್ಲ ಬೇ. ಟ್ಯಾಂಕರಿನಂವ ಫೋನ್ ಮಾಡಿ ಒದರಿದಾಗ ಗೊತ್ತಾತು.”

ಕಚೇರಿಯಲ್ಲಿ ಬರುವುದು, ಮನೆಯಲ್ಲಿ ಬಾರದಿರುವುದು. ಮುಖ್ಯ ಕಚೇರಿಯ ಕಂಪ್ಯೂಟರ್ ವಿಭಾಗದವನಿಗೆ ಫೋನ್ ಮಾಡಿದರೆ ಒಂದೇ ಉತ್ತರ: “ಅಕೌಂಟ್ ಡಿಲೀಟ್ ಮಾಡಿ ಮತ್ತೆ ಹಾಕಿ ಮೇಡಂ.” ಹಾಗೇ ಮಾಡಿದೆವು. ಪಾಸ್‌ವರ್ಡ್ ಬದಲಿಸಿದೆವು. ಫೋನಿನ ಗಡಿಯಾರ ಸರಿಪಡಿಸಿದೆವು. ಸಿಮ್ ತೆಗೆದು ಒರೆಸಿ ಹಾಕಿದೆವು. ಪ್ರತಿ ಸಲ ಏನಾಯಿತೆಂದು ಡೈರಿಯ ಆ ಎರಡು ಕಂಬಸಾಲುಗಳಲ್ಲಿ ಬರೆದಿಟ್ಟೆ.

“ಇಂವಗ ಅಳಸೂದೊಂದ ಗೊತ್ತೈತಿ ನೋಡ. ನಾಳೆ ನನ್ನೂ ಅಳಸಿ ಮತ್ತ ಹಾಕು ಅಂತಾನ.”

ಅಕ್ಕಾರು ಹೀಗೆ ನಗಿಸುತ್ತಿದ್ದರು. ಆದರೆ ಮಗಳ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದ ದಿನ ಭಡಂಗದ ಡಬ್ಬಿ ತೆಗೆಯಲೇ ಇಲ್ಲ.

ಆ ಭಾನುವಾರ ನಾನು ಬೋರಗಾಂವಕ್ಕೆ, ಅಕ್ಕಾರ ಮನೆಗೆ ಹೋದೆ. ಪಕ್ಕದ ಮನೆಯ ಮಗ್ಗಗಳ ಸದ್ದಿನ ನಡುವೆ ಅಡುಗೆಮನೆಯಲ್ಲಿ ಕೂತು ಫೋನ್ ನೋಡುತ್ತಿದ್ದೆ. ಒಂದು ಸಂದೇಶ ಬಂತು. ಅಕ್ಕಾರು ರೊಟ್ಟಿ ತಟ್ಟುತ್ತಲೇ ಕೈ ಚಾಚಿ ಅದನ್ನು ಅಳಿಸಿದರು.

“ಏನದು?”

“ಏನಿಲ್ಲ, ಮಹಾರಾಷ್ಟ್ರಕ್ಕ ಸ್ವಾಗತ ಅಂತ. ದಿನಾ ಬರತೈತಿ.”

ನನಗೂ ಬರುತ್ತಿತ್ತು. ಗಡಿಯ ಈ ಊರುಗಳಲ್ಲಿ ಯಾರಿಗೆ ಬರುವುದಿಲ್ಲ? ನೊಣ ಓಡಿಸಿದಂತೆ ಅಳಿಸಿಬಿಡುತ್ತೇವೆ. ಎಲ್ಲವನ್ನೂ ಬರೆದಿಟ್ಟ ನನ್ನ ಡೈರಿಯಲ್ಲಿ ಅದೊಂದೇ ಇರಲಿಲ್ಲ. ಈಗ ಹೊಳೆಯಿತು: ಅಡುಗೆಮನೆಯಲ್ಲಿ ಫೋನ್ ನದಿಯಾಚೆಯ ಮಹಾರಾಷ್ಟ್ರದ ಟವರ್ ಹಿಡಿಯುತ್ತಿತ್ತು. ಮಾತಾಡಲು ತೊಂದರೆಯಿಲ್ಲ, ಆದರೆ ಬೇರೆ ರಾಜ್ಯವೆಂದು ಇಂಟರ್ನೆಟ್ ಮಾತ್ರ ಬಂದ್. ಬಿಲ್ ಏರಬಾರದೆಂದು ಕಚೇರಿಯೇ ರೋಮಿಂಗ್ ಇಂಟರ್ನೆಟ್ ಮುಚ್ಚಿ ಕೊಟ್ಟಿತ್ತು.

ಬಾಗಿಲಲ್ಲಿ ಕೂತಿದ್ದ ಅಕ್ಕಾರ ಅತ್ತೆ ಮರಾಠಿ ಉದ್ಗಾರ ತೆಗೆದು ನಕ್ಕರು. “ಅಗಂ ಬಾಯಿ, ಒಲಿ ಮಹಾರಾಷ್ಟ್ರದಾಗ, ಪಡಸಾಲಿ ಕರ್ನಾಟಕದಾಗ! ದಿನಾ ಗಡಿ ದಾಟಿ ಊಟಾ ಮಾಡಾಕತ್ತೇವಿ ನಾವು.”

ಫೋನ್ ತಾನಾಗಿ ಟವರ್ ಆರಿಸುವುದನ್ನು ನಿಲ್ಲಿಸಿ, ಕರ್ನಾಟಕದ್ದನ್ನೇ ನಾನು ಆರಿಸಿದೆ. ಒಳಗೆ ಸಿಗ್ನಲ್ ಸತ್ತಿತು. ಪಡಸಾಲೆಯ ಕಿಟಕಿಯಲ್ಲಿಟ್ಟಾಗ ಎರಡು ಗೆರೆ ಮೂಡಿದವು. ಮಗಳು ಓದಲು ಕೂರುವ ಜಾಗವೂ ಅದೇ.

ಸೋಮವಾರ ಅಕ್ಕಾರು ಐದರ ಬಸ್ಸಿಗೆ ಹೋದರು. ನಾನು ಎಂದಿನಂತೆ ಕಂಪ್ಯೂಟರ್ ಮುಂದೆ ಕೂತೆ. ಕತ್ತಲಾದ ಮೇಲೆ ಫೋನ್ ಬಂತು, ಮಗಳ ಧ್ವನಿ.

“ಅಕ್ಕಾ, ಮೇಲ್ ಬಂತ್ರಿ! ಅವ್ವ ಉತ್ತರಾನೂ ಕಳಿಸಿದ್ಳು.” ಹಿಂದಿನಿಂದ ಅಕ್ಕಾರು, “ಫೋನ್ ಇಡು ಲೇ, ಮೊದಲ ಆ ಸಮೀಕರಣ ಬಿಡಸು!”

‘ಬಂತು’ ಎಂಬಲ್ಲಿ ಗೆರೆ ಎಳೆದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಖಾನೆ ತೆರೆದೆ, ಡಬ್ಬಿ ತುಂಬಿಟ್ಟೇ ಹೋಗಿದ್ದರು. ಬೈಯುವವರು ಇರಲಿಲ್ಲ. ಆದರೂ ಶೇಂಗಾ ಆರಿಸದೆ, ಕರಿಬೇವಿನ ಸಮೇತ ಒಂದು ಹಿಡಿ ತಿಂದೆ.