ಬಲ ಮೂಲೆಯ ಸೂತ್ರ

ಕ್ಯಾಮೆರಾ ಬಂತು, ನಕಲು ನಿಂತಿತು, ಫಲಿತಾಂಶ ಬಿತ್ತು. ನಮ್ಮ ಶಾಲೆಯ ಆ ವರ್ಷದ ಎಸ್ಸೆಸ್ಸೆಲ್ಸಿ ಬಗ್ಗೆ ಹುನಗುಂದದ ಚಹಾದಂಗಡಿಯಿಂದ ಬಾಗಲಕೋಟೆಯ ಕಚೇರಿಗಳವರೆಗೆ ಎಲ್ಲರೂ ಹೇಳುವುದು ಇಷ್ಟೇ. ಕೇಳಲು ಚಂದ. ಕಾಲೇಜಿನಲ್ಲಿದ್ದಷ್ಟು ದಿನ ಚರ್ಚಾಸ್ಪರ್ಧೆಗಳಿಗೆ ನಿಂತವಳು ನಾನು. ಇಷ್ಟು ಸಲೀಸಾದ ವಾದ ಕೇಳಿದರೆ ಮೊದಲು ಅನುಮಾನ ಬರುತ್ತದೆ. ಬೇರೆ ಕಡೆ ಅದು ನಿಜವಿರಬಹುದು. ನಮ್ಮಲ್ಲಿ ನಡೆದದ್ದು ಬೇರೆ.

ಮೂರು ವರ್ಷದ ಹಿಂದೆ ನಾನು ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿದ್ದೆ. ಗಣಿತದ ಸಂಗಪ್ಪ ಮಾಸ್ತರರು ಅಲ್ಲಿನ ಹಿರಿಯರು. ಹತ್ತನೆಯ ತರಗತಿಯ ಗೋಡೆಗಳ ತುಂಬ ಅವರೇ ಕುಂಚ ಹಿಡಿದು ಸೂತ್ರಗಳನ್ನು ಬರೆದಿದ್ದರು. ತ್ರಿಕೋನಮಿತಿ ಬಾಗಿಲ ಮೇಲೆ, ಮಸೂರದ ಸೂತ್ರ ಕಿಟಕಿಯ ಪಕ್ಕ, ವರ್ಗಸಮೀಕರಣದ್ದು ಬಲ ಮೂಲೆಯಲ್ಲಿ, ಸೂರಿಗೆ ತಾಗಿದಂತೆ. ದಿನಾ ಪ್ರಾರ್ಥನೆ ಮುಗಿದ ಮೇಲೆ ಅವರು ಉದ್ದನೆಯ ಕೋಲಿನಿಂದ ಒಂದೊಂದು ಜಾಗ ತಟ್ಟುವರು. ಇಡೀ ತರಗತಿ ಆ ಸೂತ್ರವನ್ನು ಒಟ್ಟಾಗಿ ಕೂಗಿ ಹೇಳುವುದು. ಅವರ ಫಲಿತಾಂಶ ವರ್ಷ ವರ್ಷವೂ ಚೆನ್ನಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಒಂದು ದಿನ ತರಗತಿಯನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ಅವೇ ಸೂತ್ರಗಳನ್ನು ಕೇಳಿದೆ. ಒಳಗೆ ಗಂಟಲು ಹರಿಯುವಂತೆ ಕೂಗುವ ಮಕ್ಕಳು ತಡವರಿಸಿದರು. ಅವರಲ್ಲೆಲ್ಲ ಚುರುಕಾದ ರಜಿಯಾ ಉತ್ತರಕ್ಕಾಗಿ ಬಲಕ್ಕೆ, ಮೇಲಕ್ಕೆ ನೋಡಿದಳು. ಅಲ್ಲಿ ಆಕಾಶವಿತ್ತು.

ನೆನಪು ಪಾಠವೊಂದನ್ನೇ ಎತ್ತಿಟ್ಟುಕೊಳ್ಳುವುದಿಲ್ಲ; ಕಲಿತ ಜಾಗ, ದನಿ, ಬೆಳಕು ಎಲ್ಲವನ್ನೂ ಅದರ ಜೊತೆ ಹೆಣೆದುಕೊಳ್ಳುತ್ತದೆ. ಮನೋವಿಜ್ಞಾನದವರು ಇದನ್ನು ಕಾಂಟೆಕ್ಸ್ಟ್ ಎನ್ನುತ್ತಾರೆ. ಜಾಗ ಬದಲಾದರೆ ಎಷ್ಟೋ ಸಲ ಹಿಡಿದೆಳೆಯಲು ಎಳೆಯೇ ಸಿಗುವುದಿಲ್ಲ. ಹಾಗಾಗಿ ಮಾಸ್ತರರಿಗೆ ಹೇಳಿದೆ: ಗೋಡೆ ಇರಲಿ, ಆದರೆ ಗೋಡೆಗೆ ಬೆನ್ನು ಮಾಡಿಸಿಯೂ ಕೇಳೋಣ, ಖಾಲಿ ಹಾಳೆಯ ಮೇಲೆ ಬರೆಸೋಣ, ಮರೆಯಲು ನಾಲ್ಕು ದಿನ ಬಿಟ್ಟು ಮತ್ತೆ ಕೇಳೋಣ.

"ನೀವು ಡಿಬೇಟ್‌ನ್ಯಾಗ ಗೆದ್ದೀರಿ ಟೀಚರ, ನಾ ರಿಜಲ್ಟ್‌ನ್ಯಾಗ ಗೆದ್ದೇನಿ," ಎಂದರು ಅವರು. "ಗೋಡಿ ಏನ್ ಎದ್ದು ಓಡಿ ಹೊಕ್ಕೈತೇನ್ರಿ?"

ಸ್ಟಾಫ್‌ರೂಮು ನಕ್ಕಿತು.

ಆ ಗೋಡೆ ಮೊದಲೆಲ್ಲ ಓಡಿ ಹೋಗಿರಲಿಲ್ಲ, ಅದೇ ವಿಷಯ. ಅಲ್ಲಿಯವರೆಗೆ ನಮ್ಮ ಶಾಲೆಯೇ ಪರೀಕ್ಷಾ ಕೇಂದ್ರ. ಪರೀಕ್ಷೆಗೆ ಮುನ್ನ ನಿಯಮದ ಪ್ರಕಾರ ಗೋಡೆಗಳಿಗೆಲ್ಲ ಹಳೆಯ ಪೇಪರ್ ಅಂಟಿಸುತ್ತಿದ್ದರು, ಒಂದಕ್ಷರವೂ ಕಾಣುತ್ತಿರಲಿಲ್ಲ. ಮಕ್ಕಳು ಪೇಪರಿನತ್ತ ನೋಡಿ ಅದರಡಿಯ ಸೂತ್ರವನ್ನು ನೆನೆದು ಬರೆಯುತ್ತಿದ್ದರು. ಮುಚ್ಚಿದ ಗೋಡೆಯಿಂದ ನಕಲು ಮಾಡುವುದು ಹೇಗೆಂದು ನನಗೆ ಯಾರಾದರೂ ತೋರಿಸಲಿ. ಆ ವರ್ಷ ಕೇಂದ್ರ ಇಳಕಲ್ಲಿಗೆ ಹೋಯಿತು. ಅದೇ ವರ್ಷ ಕ್ಯಾಮೆರಾಗಳೂ ಬಂದವು. ಎರಡು ಬದಲಾವಣೆಗಳು ಒಟ್ಟಿಗೆ ಆದಾಗ ಕಣ್ಣಿಗೆ ಬೀಳುವುದನ್ನಷ್ಟೇ ಕಾರಣ ಎನ್ನುವುದು ವಾದದಲ್ಲಿ ದೊಡ್ಡ ತಪ್ಪು.

ರಜಿಯಾಳ ತಂದೆ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದರು. ಪಾಸಾದರೆ ಬಾಗಲಕೋಟೆಯಲ್ಲಿ ಲ್ಯಾಬ್ ಡಿಪ್ಲೊಮಾ, ಇಲ್ಲದಿದ್ದರೆ ಓದು ಸಾಕು ಎಂದು ಮನೆಯಲ್ಲಿ ಮಾತಾಗಿತ್ತು. ಗಣಿತದ ದಿನ ನಡೆದದ್ದನ್ನು ಅವಳ ಬಾಯಿಂದಲೇ ಕೇಳಿದೆ. ಬೋಳು ಗೋಡೆಯ ಕೋಣೆ. ಸೂತ್ರಕ್ಕಾಗಿ ಅವಳು ಮತ್ತೆ ಮತ್ತೆ ಬಲ ಮೂಲೆಯತ್ತ ತಲೆ ಎತ್ತಿದಳು. ಅಲ್ಲಿ ಕ್ಯಾಮೆರಾ ಇತ್ತು. ಮೇಲ್ವಿಚಾರಕರು ಬಂದು ಅವಳನ್ನು ಎಬ್ಬಿಸಿ, ಎಲ್ಲರ ಎದುರು ಮುಂದಿನ ಬೆಂಚಿಗೆ ಕೂರಿಸಿದರು.

"ಮ್ಯಾಲ ಏನ್ ನೋಡ್ತಿ? ಕಳ್ಳಿ ಹಂಗ."

ಆಮೇಲೆ ಅವಳು ಏನೂ ಬರೆಯಲಿಲ್ಲ. ಗಣಿತ ಹೋಯಿತು. ಸುದ್ದಿ ಊರಿಗೆ ಬರುವಷ್ಟರಲ್ಲಿ ಅವಳು ನಕಲು ಮಾಡಿ ಸಿಕ್ಕಿಬಿದ್ದಳು ಎಂದಾಗಿತ್ತು.

ಫೇಲಾದವರಿಗೆ ಬೇಸಿಗೆಯಲ್ಲಿ ನಡೆಯುವ ಎರಡನೆಯ ಪರೀಕ್ಷೆಗೆ ಕೂರುವುದಿಲ್ಲ ಎಂದು ಅವಳು ಹಟ ಹಿಡಿದಳು. ತಾಯಿ ನನ್ನನ್ನು ಕರೆಸಿ, "ಒಂದ್ ಸಲ ಹೇಳಿ ನೋಡ್ರಿ ಟೀಚರ, ನನ್ ಮಾತು ಅದರ ಕಿವಿಗೇ ಬೀಳವಲ್ದು," ಎಂದರು. ಹೇಗೋ ಒಪ್ಪಿಸಿದೆ. ಗೋಡೆಯ ಸಹವಾಸ ಬಿಟ್ಟೆವು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಒಂದು ಸೂತ್ರ, ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಇನ್ನೊಂದು. ಅವಳು ಬಾದಾಮಿಯ ಅಜ್ಜಿಯ ಮನೆಗೆ ಹೋದಾಗ ಫೋನ್ ಮಾಡಿ ಕೇಳುತ್ತಿದ್ದೆ. ಮೊದಲು ನೆನೆದು ಬರೆಯಬೇಕು, ಆಮೇಲಷ್ಟೇ ಪುಸ್ತಕ ತೆರೆಯಬೇಕು. ತಿಂಗಳೊಳಗೆ ಅವಳಿಗೆ ಯಾವ ಮೂಲೆಯೂ ಬೇಕಾಗಲಿಲ್ಲ. ಪಾಸಾದಳು, ಗಣಿತದಲ್ಲಿ ಒಳ್ಳೆಯ ಅಂಕವೇ ಬಂತು.

ವಾದ ಗೆದ್ದೆ ಅಂದುಕೊಂಡೆ. ಸಂಗಪ್ಪ ಮಾಸ್ತರರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಈ ಸಲದ ಪರೀಕ್ಷಾದಾಗ ಆ ಹುಡುಗಿ ಮೂರು ತಾಸು ತಲಿನ ಎತ್ತಲಿಲ್ಲಂತ್ರಿ. ಗಡಿಯಾರ ಸೈತ ನೋಡಲಿಲ್ಲಂತ." ಮುಂದಿನ ವರ್ಷ ಅವರು ಆ ಗೋಡೆಗಳಿಗೆ ಸುಣ್ಣ ಹೊಡೆಸಿದರು. ನನ್ನೊಡನೆ ಮತ್ತೆ ವಾದಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಕಳೆದ ವರ್ಷ ಬಾಗಲಕೋಟೆಯಲ್ಲಿ ರಜಿಯಾಳ ಕಾಲೇಜಿಗೆ ಹೋದೆ. ಅವಳ ಉಪನ್ಯಾಸಕಿ ಹೊಗಳಿದರು: ಮೈಕ್ರೋಸ್ಕೋಪಿನ ಮುಂದೆ ಕೂತರೆ ಏಳುವುದಿಲ್ಲ, ಕೆಲಸ ಚೊಕ್ಕ. ವೈವಾದಲ್ಲಿ ಮಾತ್ರ ನೆಲ ನೋಡಿಕೊಂಡು ಉತ್ತರ ಹೇಳುತ್ತಾಳೆ, ಪಾಪ, ಭಾಳ ನಾಚಿಕೆ ಸ್ವಭಾವ ಎಂದರು. ನನ್ನ ತರಗತಿಯಲ್ಲಿ ನನ್ನನ್ನೇ ನೆಟ್ಟಗೆ ನೋಡಿ "ಅದ್ಹೆಂಗ್ರಿ ಟೀಚರ?" ಎಂದು ಜಗ್ಗಾಡುತ್ತಿದ್ದ ಹುಡುಗಿ ಇವಳು.

ಒಬ್ಬಳ ಉದಾಹರಣೆಯಿಂದ ನಿಯಮ ಸಿದ್ಧವಾಗದು ಎಂದು ಯಾರಾದರೂ ತಕರಾರು ಎತ್ತಿದರೆ ಒಪ್ಪುತ್ತೇನೆ. ಆದರೆ ವೃತ್ತಿ ನನಗೆ ಕಲಿಸಿದ್ದು ಇದು: ನಾವು ಕಲಿಸುತ್ತೇವೆ ಅಂದುಕೊಂಡದ್ದಕ್ಕಿಂತ ಹೆಚ್ಚನ್ನು ಮಕ್ಕಳು ಕಲಿಯುತ್ತಾರೆ, ಯಾವುದನ್ನು ಎಂದು ಆರಿಸುವ ಅಧಿಕಾರ ನಮಗಿಲ್ಲ. ಆ ಸೂತ್ರ ನೆಲೆ ನಿಲ್ಲಲು ಒಂದು ವರ್ಷದ ಕೂಗಾಟ, ಒಂದು ಬೇಸಿಗೆಯ ಅಭ್ಯಾಸ ಬೇಕಾಯಿತು. ಮೇಲ್ವಿಚಾರಕರ ಮಾತಿಗೆ ಒಂದೇ ಸಲ ಸಾಕಾಯಿತು. ಪುನರಾವರ್ತಿಸುವ ಅಗತ್ಯವಿಲ್ಲ, ಜಾಗದ ಹಂಗಿಲ್ಲ. ಯಾವ ಕೋಣೆಗೆ ಹೋದರೂ ಅದು ಅವಳ ಜೊತೆ ಹೋಗುತ್ತದೆ. ನೆನಪನ್ನು ಗಟ್ಟಿ ಮಾಡುವ ದಾರಿಗಳನ್ನು ನಾನು ಓದಿದ್ದೇನೆ. ಇದನ್ನು ಬಿಡಿಸುವ ದಾರಿ ನನಗೆ ಗೊತ್ತಿಲ್ಲ.

ಅವತ್ತು ಕಾಲೇಜಿನ ಗೇಟಿನವರೆಗೂ ಅವಳು ನನ್ನ ಜೊತೆ ನಡೆದು ಬಂದಳು. ಹಾಸ್ಟೆಲ್ಲಿನ ಊಟದ ಬಗ್ಗೆ ತಮಾಷೆ ಮಾಡಿದಳು, ಅಪ್ಪನ ಕೆಮ್ಮಿನ ಬಗ್ಗೆ ಹೇಳಿದಳು, ಎಲ್ಲವನ್ನೂ ನನ್ನ ಚಪ್ಪಲಿ ನೋಡಿಕೊಂಡೇ. ಬಸ್ಸು ಬರುವ ಮೊದಲು ಕೇಳಿಯೇಬಿಟ್ಟೆ.

"ರಜಿಯಾ, ತಲಿ ಎತ್ತಿದ್ರ ಈಗೂ ಏನ್ ಕಾಣ್ತೈತಿ ನಿನಗ?"