ಮೊದ್ಲು ನಿನ್ನ ಬೆರಳಿಗಿ ಚುಚ್ಕೋ

ಗೆಳೆಯರೇ, ಇವತ್ತು ಬೆಳಿಗ್ಗೆ ನಾರಾಯಣಪೇಟೆಯ ನಮ್ಮ ಮನೆಗೆ ಆಶಾ ಕಾರ್ಯಕರ್ತೆ ಸಾವಿತ್ರಮ್ಮ ಸಕ್ಕರೆ ಕಾಯಿಲೆ ತಪಾಸಣೆಗೆ ಬಂದರು. ಮಗ್ಗದಲ್ಲಿ ಕೂತಿದ್ದ ನಮ್ಮ ಮಾವನವರ ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ ಮುನ್ನೂರ ಹನ್ನೆರಡು!

"ಇದು ಗುಳಿಗಿ ಮಾರೋರ ಮಿಷನ್ ಐತಿ. ಎಲ್ಲಾರಿಗೂ ಹಿಂಗ ತೋರಸ್ತೈತಿ" ಎಂದರು ಮಾವ.

"ಗುಳಿಗಿ ಪುಕ್ಕಟ ಕೊಡ್ತಾರ್ರೀ ತಾತಾ" ಎಂದರು ಸಾವಿತ್ರಮ್ಮ.

"ಪುಕ್ಕಟ ಅಂದ್ರ ಇನ್ನೂ ಅನುಮಾನ. ಮೊದ್ಲು ನಿನ್ನ ಬೆರಳಿಗಿ ಚುಚ್ಕೋ, ನೋಡೋಣು."

ಸಾವಿತ್ರಮ್ಮ ನಗುತ್ತಲೇ ಹೊಸ ಸೂಜಿ ತೆಗೆದು ಚುಚ್ಚಿಕೊಂಡರು. ಇನ್ನೂರ ಎಂಬತ್ತು. ನಗು ಅಲ್ಲೇ ನಿಂತಿತು. ಇಷ್ಟು ವರ್ಷ ಓಣಿಗೆಲ್ಲ ಚುಚ್ಚಿದವರು ತಮ್ಮದನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲವಂತೆ.

"ಮಿಷನ್ನ ಕೆಟ್ಟಿರಬೇಕ್ರಿ" ಎಂದು ಅವರೂ ಮೆಲ್ಲಗೆ ಅಂದರು.

ಮೂರನೆಯ ಸರದಿ ಸೊಸೆಯಾದ ನನ್ನದು. ನೂರ ಹತ್ತು, ಸರಿಯಾಗೇ ಬಂತು. ಮಿಷನ್ ಕೆಟ್ಟಿರಲಿಲ್ಲ.

ಸಾವಿತ್ರಮ್ಮನ ಮುಖ ನೋಡಿ ಮಾವ ಮಗ್ಗದಿಂದ ಎದ್ದು ಚಪ್ಪಲಿ ಮೆಟ್ಟಿದರು. "ನಡಿಯವ್ವಾ, ದವಾಖಾನಿಗಿ ಹೋಗೋಣು. ನನಗೇನೂ ಆಗಿಲ್ಲ, ನಿನಗ ಜತಿಗಿ ಬರ್ತೀನಿ."

ಅಲ್ಲಿ ಡಾಕ್ಟರು ಮತ್ತೆ ರಕ್ತ ನೋಡಿ ಇಬ್ಬರಿಗೂ ಗುಳಿಗೆ ಕೊಟ್ಟು ಕಳಿಸಿದ್ದಾರೆ. ಊಟವಾದ ಮೇಲೆ ನುಂಗಿದೆ ಅನ್ನುತ್ತಾರೆ ಮಾವ. ಈಗ ಅನುಮಾನ ನನ್ನದು.